ಕಳವಾದ ಮನೆಗೆ ಕಾನೂನು ಕೊಟ್ಟ ಮಾತು: ಗೃಹ ಸಚಿವರಿಗೂ ಪೊಲೀಸ್ ಮಹಾನಿರ್ದೇಶಕರಿಗೂ ಒಂದು ಬಹಿರಂಗ ಪತ್ರ

ಮಾನ್ಯ ಗೃಹ ಸಚಿವರಿಗೆ ಮತ್ತು ರಾಜ್ಯದ ಪೊಲೀಸ್ ಮಹಾನಿರ್ದೇಶಕರಿಗೆ ಗೌರವಪೂರ್ವಕ ನಮಸ್ಕಾರಗಳು.

ನಾನು ಒಂದು ತಾಲ್ಲೂಕು ಕೇಂದ್ರದ ಪ್ರೌಢಶಾಲೆಯಲ್ಲಿ 34 ವರ್ಷ ಕನ್ನಡ ಪಾಠ ಹೇಳಿ ನಿವೃತ್ತಳಾದವಳು. 82 ವರ್ಷದ ನನ್ನ ತಾಯಿಯವರೂ ನಾನೂ, ತಂದೆಯವರು ಕಟ್ಟಿಸಿದ ಮನೆಯಲ್ಲಿ ಇಬ್ಬರೇ ವಾಸವಾಗಿದ್ದೇವೆ. ಕಳೆದ ವರ್ಷದ ಕಾರ್ತಿಕ ಮಾಸದಲ್ಲಿ, ತಾಯಿಯವರ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆಂದು ಜಿಲ್ಲಾ ಕೇಂದ್ರದಲ್ಲಿ ಎರಡು ರಾತ್ರಿ ಉಳಿದಿದ್ದಾಗ, ನಮ್ಮ ಮುಂಬಾಗಿಲ ಚಿಲಕವನ್ನು ಕಬ್ಬಿಣದ ಸಲಾಕೆಯಿಂದ ಮೀಟಿ ಒಳಗೆ ಹೊಕ್ಕವರು, 32 ಗ್ರಾಂ ತೂಕದ ಅವಲಕ್ಕಿ ಸರ, 48 ಗ್ರಾಂ ತೂಕದ ನಾಲ್ಕು ಬಳೆ, ದೇವರ ಮನೆಯ ಎರಡು ಬೆಳ್ಳಿ ದೀಪ, 38,000 ರೂಪಾಯಿ ನಗದು, ಮನೆಯ ಕ್ರಯಪತ್ರವಿದ್ದ ಚೀಲ ಮತ್ತು ತಂದೆಯವರ ಎಚ್‌ಎಂಟಿ ಕೈಗಡಿಯಾರವನ್ನು ಒಯ್ದರು. ಕಳವಿನ ಬಗ್ಗೆ ದೂರು ಹೇಳುವುದಕ್ಕಾಗಿ ನಾನು ಈ ಪತ್ರ ಬರೆಯುತ್ತಿಲ್ಲ. ಕಳ್ಳರು ಸಿಕ್ಕಿದ್ದಾರೆ, ಅದಕ್ಕಾಗಿ ನಿಮ್ಮ ಇಲಾಖೆಗೆ ನಾನು ಋಣಿ. ಕಳವಿನ ಮರುದಿನದಿಂದ ಇಂದಿನವರೆಗೆ, ಅಂದರೆ ಹನ್ನೊಂದು ತಿಂಗಳ ಕಾಲ, ನಮ್ಮ ಮನೆಯಲ್ಲಿಯೂ ಇನ್ನೊಂದು ಬಡ ಮನೆಯಲ್ಲಿಯೂ ನಡೆದದ್ದನ್ನು ತಮ್ಮ ಮುಂದೆ ಇಡಬೇಕಾಗಿದೆ. ಅದರಲ್ಲಿ ಬಹುಪಾಲನ್ನು ತಡೆಯಬಹುದಾಗಿತ್ತು. ತಡೆಯಲು ಬೇಕಾದ ಮಾತುಗಳೆಲ್ಲ ಕಾನೂನಿನಲ್ಲಿ ಆಗಲೇ ಬರೆದಿದ್ದವು.

ಕಳವಾದ ಮನೆಗೆ ಮೊದಲ ಸಲ ಕಾಲಿಟ್ಟ ಗಳಿಗೆಯನ್ನು ಅನುಭವಿಸದವರಿಗೆ ವಿವರಿಸುವುದು ಕಷ್ಟ. ಬೀರುವಿನೊಳಗಿನ ಸೀರೆಗಳೆಲ್ಲ ನಡುಮನೆಯಲ್ಲಿ ಹರಡಿ ಬಿದ್ದಿದ್ದವು. ಅಕ್ಕಿ ಡಬ್ಬವನ್ನು ನೆಲಕ್ಕೆ ಸುರಿದು ನೋಡಿದ್ದರು, ತಂದೆಯವರ ಫೋಟೋವನ್ನು ಗೋಡೆಯಿಂದ ಕೆಳಗಿಳಿಸಿ ಹಿಂದಿನ ರಟ್ಟನ್ನು ಕಿತ್ತಿದ್ದರು. ನನಗೆ ಮೊದಲು ಅನ್ನಿಸಿದ್ದು ಎಲ್ಲವನ್ನೂ ಎತ್ತಿ ಮಡಿಸಿಡಬೇಕು ಎಂದು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡಿದ್ದ ತಾಯಿಯವರಿಗೆ ಅದು ಕಾಣುವ ಮೊದಲೇ ಮನೆ ಮನೆಯಂತಾಗಬೇಕು ಎಂಬ ಆತುರ ನನ್ನದಾಗಿತ್ತು. ಪಕ್ಕದ ಮನೆಯವರು ಕೈ ಹಿಡಿದು ತಡೆಯದಿದ್ದರೆ ಬೆರಳಚ್ಚುಗಳನ್ನೆಲ್ಲ ನಾನೇ ಒರೆಸಿಬಿಡುತ್ತಿದ್ದೆ. ಆ ದಿನ ಸಂಜೆಯವರೆಗೂ ನಾವು ನಮ್ಮದೇ ಮನೆಯ ಜಗಲಿಯ ಮೇಲೆ ಪರರಂತೆ ಕುಳಿತಿದ್ದೆವು. ಮುಂದಿನ ಎರಡು ತಿಂಗಳು ತಾಯಿಯವರು ರಾತ್ರಿ ಎರಡು ಗಂಟೆಗೆ ಎದ್ದು ಬಾಗಿಲ ಬಳಿಗೆ ಹೋಗಿ ಚಿಲಕವನ್ನು ಮುಟ್ಟಿ ಬರುತ್ತಿದ್ದರು. ಹೋದ ಬಂಗಾರದ ಬೆಲೆಯನ್ನು ಮಹಜರಿನಲ್ಲಿ ಬರೆಯಬಹುದು, ಇದನ್ನು ಬರೆಯಲು ಅಲ್ಲಿ ಅಂಕಣವಿಲ್ಲ.

ಪೊಲೀಸರು ಬಂದರು, ಬೇಗನೆಯೇ ಬಂದರು ಎಂಬುದನ್ನು ನಾನು ಪ್ರಾಮಾಣಿಕವಾಗಿ ಹೇಳಬೇಕು. ಶ್ವಾನದಳದ ನಾಯಿ ಬೀದಿಯ ಕೊನೆಯ ಮೋರಿಯವರೆಗೆ ಓಡಿ ನಿಂತಿತು. ಬೆರಳಚ್ಚು ತಜ್ಞರು ಬೀರುವಿಗೆ ಪುಡಿ ಹಚ್ಚಿ ನೋಡಿದರು. ಒಬ್ಬ ಹಿರಿಯ ಹೆಡ್ ಕಾನ್‌ಸ್ಟೆಬಲ್ ಒಂದು ವಾರ ಪ್ರತಿ ರಾತ್ರಿ ನಮ್ಮ ಬೀದಿಗೆ ಬಂದು, ಗೇಟಿನ ಬಳಿ ನಿಂತು, ತಾಯಿಯವರ ಹೆಸರು ಹಿಡಿದು ಕೂಗಿ, ಅವರು ಒಳಗಿನಿಂದ ಓಗೊಟ್ಟ ಮೇಲೆಯೇ ಮುಂದಕ್ಕೆ ಹೋಗುತ್ತಿದ್ದರು. ಆ ಒಂದು ಕೂಗು ನಮಗೆ ಕೊಟ್ಟ ಧೈರ್ಯವನ್ನು ನಾನು ಮರೆಯಲಾರೆ. 2025ರಲ್ಲಿ ಸರ್ಕಾರ ಆರಂಭಿಸಿದ ಮನೆ ಮನೆಗೆ ಪೊಲೀಸ್ ಎಂಬ ಕಾರ್ಯಕ್ರಮದ ಮಾತು ಬಂದಾಗಲೆಲ್ಲ ನನ್ನ ಕಣ್ಣ ಮುಂದೆ ಬರುವುದು ಆ ಹೆಡ್ ಕಾನ್‌ಸ್ಟೆಬಲ್‌ರ ಮುಖವೇ.

ದೂರು ದಾಖಲಾಗಲು ಮಾತ್ರ ಮೂರು ದಿನ ಹಿಡಿಯಿತು. ಸಾಹೇಬರು ಬಂದೋಬಸ್ತ್ ಮೇಲಿದ್ದಾರೆ, ನಾಳೆ ಬನ್ನಿ ಎಂದು ಎರಡು ಸಲ ಕಳಿಸಿದರು. ಸಂಜ್ಞೇಯ ಅಪರಾಧದ, ಅಂದರೆ ನ್ಯಾಯಾಲಯದ ಅನುಮತಿಗೆ ಕಾಯದೆ ಪೊಲೀಸರು ತನಿಖೆ ಮಾಡಬಹುದಾದ ಅಪರಾಧದ, ಮಾಹಿತಿ ಬಂದ ಕೂಡಲೇ ಪ್ರಥಮ ವರ್ತಮಾನ ವರದಿಯನ್ನು ದಾಖಲಿಸುವುದು ಕಡ್ಡಾಯ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2013ರ ಲಲಿತಾ ಕುಮಾರಿ ಪ್ರಕರಣದಲ್ಲಿಯೇ ಹೇಳಿದೆ ಎಂಬುದು ನನಗೆ ಆಗ ತಿಳಿದಿರಲಿಲ್ಲ. ರಾತ್ರಿ ಮನೆ ಮುರಿದು ನುಗ್ಗುವುದಕ್ಕೂ ವಾಸದ ಮನೆಯಲ್ಲಿ ಕಳವು ಮಾಡುವುದಕ್ಕೂ ಸಂಬಂಧಿಸಿದ, ಭಾರತೀಯ ನ್ಯಾಯ ಸಂಹಿತೆಯ ಕಲಂ 331(4) ಮತ್ತು 305ರ ಅಡಿಯಲ್ಲಿ ಕೊನೆಗೆ ಪ್ರಕರಣ ದಾಖಲಾದಾಗ, ಬಂಗಾರದ ಬೆಲೆಯನ್ನು ತಂದೆಯವರು ಕೊಂಡ ಕಾಲದ ದರದಲ್ಲಿ ಬರೆಯೋಣವೇ ಎಂದು ಠಾಣೆಯ ಬರಹಗಾರರು ಕೇಳಿದರು. ಹತ್ತು ಗ್ರಾಂ ಚಿನ್ನ ಲಕ್ಷ ರೂಪಾಯಿ ದಾಟಿದ ಕಾಲದಲ್ಲಿ ನಿಂತು 1971ರ ಬೆಲೆ ಬರೆಸಲು ನಾನು ಒಪ್ಪಲಿಲ್ಲ. ಕೈಗಡಿಯಾರವನ್ನು ಪಟ್ಟಿಯಿಂದ ಬಿಡಿ, ಅದಕ್ಕೇನು ಬೆಲೆ ಎಂದರು. ಅದನ್ನು ಬರೆಯಿರಿ ಎಂದು ನಾನು ಪಟ್ಟು ಹಿಡಿದೆ. ಇವು ಸಣ್ಣ ಸಂಗತಿಗಳು, ಆದ್ದರಿಂದ ಇಲ್ಲಿಗೆ ಬಿಡುತ್ತೇನೆ.

ಸಣ್ಣದಲ್ಲದ ಸಂಗತಿ ಮುಂದಿನದು.

ನಮ್ಮ ಮನೆಯಲ್ಲಿ ಹನ್ನೆರಡು ವರ್ಷಗಳಿಂದ ಒಬ್ಬ ಹೆಣ್ಣುಮಗಳು ಮನೆಗೆಲಸ ಮಾಡಿಕೊಂಡಿದ್ದರು. ನಾವು ಆಸ್ಪತ್ರೆಯಲ್ಲಿದ್ದ ಆ ಎರಡು ದಿನ ಬೆಳಿಗ್ಗೆ ಬಂದು ಅಂಗಳಕ್ಕೆ ನೀರು ಹಾಕಿ, ತುಳಸಿಗೆ ನೀರೆರೆದು ಹೋಗುತ್ತಿದ್ದವರು ಅವರೇ. ಮುರಿದ ಬಾಗಿಲನ್ನು ಮೊದಲು ಕಂಡು, ಅಳುತ್ತಾ ನನಗೆ ಫೋನ್ ಮಾಡಿದವರೂ ಅವರೇ. ಆ ದಿನ ಮಹಜರು ಬರೆಯುವಾಗ ಸಬ್ ಇನ್‌ಸ್ಪೆಕ್ಟರ್ ನನ್ನನ್ನು ಕೇಳಿದ ಪ್ರಶ್ನೆ, ರಾಜ್ಯದ ಪ್ರತಿಯೊಂದು ಠಾಣೆಯಲ್ಲಿ ಪ್ರತಿಯೊಂದು ಕಳವಿನಲ್ಲಿಯೂ ಕೇಳುವ ಪ್ರಶ್ನೆಯೇ ಆಗಿತ್ತು: ಯಾರ ಮೇಲಾದರೂ ಅನುಮಾನ ಇದೆಯೇ? ಇಲ್ಲ ಎಂದೆ. ಮನೆಗೆ ಯಾರು ಯಾರು ಬಂದು ಹೋಗುತ್ತಾರೆ, ನೀವು ಊರಲ್ಲಿ ಇಲ್ಲದಿರುವುದು ಯಾರಿಗೆ ಗೊತ್ತಿತ್ತು ಎಂದು ಮತ್ತೆ ಕೇಳಿದರು. ಹಾಲಿನವನು, ಪಕ್ಕದ ಮನೆಯವರು, ಔಷಧಿ ಅಂಗಡಿಯವರು ಎಂದು ಹೇಳುತ್ತಾ ಹೋಗಿ ಆ ಹೆಣ್ಣುಮಗಳ ಹೆಸರನ್ನೂ ಹೇಳಿದೆ. ಅವರು ಬರೆದುಕೊಂಡದ್ದು ಆ ಒಂದು ಹೆಸರನ್ನು ಮಾತ್ರ ಎಂಬುದು ನನ್ನ ಗಮನಕ್ಕೆ ಬಂದಿತ್ತು. ನಾನು ಮಾತಾಡಲಿಲ್ಲ. ಇಂದಿಗೂ ನನ್ನ ಮನಸ್ಸನ್ನು ಕೊರೆಯುತ್ತಿರುವುದು ಆ ಮೌನ.

ಮುಂದಿನ ಹತ್ತು ದಿನಗಳಲ್ಲಿ ಅವರನ್ನು ಮೂರು ಸಲ ಠಾಣೆಗೆ ಕರೆಸಿದರು. ಯಾರೂ ಕೈ ಮಾಡಲಿಲ್ಲ, ಬೈಯಲಿಲ್ಲ ಎಂದು ಅವರೇ ನನಗೆ ಹೇಳಿದ್ದಾರೆ. ಆದರೆ ಬೆಳಿಗ್ಗೆ ಹತ್ತಕ್ಕೆ ಹೋದವರನ್ನು ಸಂಜೆ ಐದರವರೆಗೆ ಬೆಂಚಿನ ಮೇಲೆ ಕೂರಿಸಿದರು. ಠಾಣೆ ಇರುವುದು ಬಸ್ ನಿಲ್ದಾಣದ ಎದುರಿಗೆ; ಊರೆಲ್ಲ ಓಡಾಡುವ ಜಾಗ. ಅಲ್ಲಿ ಕೂತವರನ್ನು ಕಂಡವರಿಗೆ ಮಿಕ್ಕದ್ದನ್ನು ಯಾರೂ ಹೇಳಬೇಕಾಗಿರಲಿಲ್ಲ. ಅವರು ಕೆಲಸ ಮಾಡುತ್ತಿದ್ದ ಇನ್ನೆರಡು ಮನೆಗಳವರು ಬೇರೆ ಯಾರನ್ನೋ ನೋಡಿಕೊಂಡಿದ್ದೇವೆ ಎಂದರು. ಅವರ ಮಗಳಿಗೆ ಬಂದಿದ್ದ ಸಂಬಂಧದವರು ಮುಂದಿನ ವಾರ ಬರುತ್ತೇವೆ ಎಂದವರು ಬರಲಿಲ್ಲ. ಮೂರನೆಯ ಸಲ ಠಾಣೆಯಿಂದ ಹಿಂತಿರುಗಿದ ಸಂಜೆ ಅವರು ನಮ್ಮ ಮನೆಗೆ ಬಂದು, ತಮ್ಮ ಬಳಿಯಿದ್ದ ಗೇಟಿನ ಕೀಲಿಯನ್ನು ತಾಯಿಯವರ ಕೈಗಿತ್ತು, ಒಳಗೆ ಬನ್ನಿ ಎಂದರೂ ಬಾರದೆ ಹೊರಟುಹೋದರು. ಏಳು ತಿಂಗಳ ನಂತರ ಸಿಕ್ಕ ಕಳ್ಳರು ಮೂರು ಜಿಲ್ಲೆ ದಾಟಿ ಬಂದವರಾಗಿದ್ದರು. ಬೀಗ ಹಾಕಿದ ಗೇಟನ್ನು ಹಗಲು ನೋಡಿ ಗುರುತಿಟ್ಟುಕೊಂಡು ರಾತ್ರಿ ಬರುವುದು ಅವರ ರೀತಿ ಎಂದು ತನಿಖೆಯಲ್ಲಿ ತಿಳಿಯಿತು. ಆ ಹೆಣ್ಣುಮಗಳ ಹೆಸರನ್ನು ಅವರು ಕೇಳಿಯೂ ಇರಲಿಲ್ಲ.

ತನಿಖೆ ಮತ್ತು ವಿಚಾರಣೆಯ ಕ್ರಮವನ್ನು ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 179 ಏನು ಹೇಳುತ್ತದೆ ಎಂಬುದನ್ನು ತಮಗೆ ನಾನು ಹೇಳಬೇಕಾಗಿಲ್ಲ, ಆದರೆ ಇದನ್ನು ಓದುವ ಇತರರಿಗಾಗಿ ಹೇಳುತ್ತೇನೆ. ತನಿಖೆಯಲ್ಲಿ ಸಾಕ್ಷಿಯಾಗಿ ಯಾರನ್ನಾದರೂ ಕರೆಸಬೇಕಾದರೆ ಲಿಖಿತ ಆದೇಶದ ಮೂಲಕವೇ ಕರೆಸಬೇಕು. ಮಹಿಳೆಯರನ್ನು, 15 ವರ್ಷದೊಳಗಿನ ಹಾಗೂ 60 ವರ್ಷ ಮೀರಿದ ಪುರುಷರನ್ನು, ಅಂಗವಿಕಲರನ್ನು, ತೀವ್ರ ಕಾಯಿಲೆಯಲ್ಲಿರುವವರನ್ನು ಅವರು ವಾಸಿಸುವ ಸ್ಥಳವಲ್ಲದೆ ಬೇರೆಡೆಗೆ ಬರಬೇಕೆಂದು ಒತ್ತಾಯಿಸುವಂತಿಲ್ಲ. ಇದು 2024ರ ಜುಲೈ 1ರಂದು ಹೊಸದಾಗಿ ಬಂದ ಸೌಲಭ್ಯವೂ ಅಲ್ಲ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಕಲಂ 160ರಲ್ಲಿಯೂ ಮಹಿಳೆಯರಿಗೆ ಈ ರಕ್ಷಣೆ ಇತ್ತು. ಆ ಹೆಣ್ಣುಮಗಳಿಗೆ ಒಂದು ಚೀಟಿಯನ್ನೂ ಯಾರೂ ಕೊಟ್ಟಿರಲಿಲ್ಲ. ಫೋನಿನಲ್ಲಿ ಬಾ ಎಂದರು, ಇವರು ಹೋದರು. ಅವರ ಮನೆಗೇ ಹೋಗಿ, ಮಹಿಳಾ ಸಿಬ್ಬಂದಿಯೊಬ್ಬರು ಅರ್ಧ ಗಂಟೆ ಕೂತು ಕೇಳಿದ್ದರೆ ಅವೇ ಉತ್ತರಗಳು ಸಿಗುತ್ತಿದ್ದವು. ವಿಚಾರಿಸುವುದು ಪೊಲೀಸರ ಕರ್ತವ್ಯ, ಅದನ್ನು ನಾನು ಪ್ರಶ್ನಿಸುವುದಿಲ್ಲ. ಆದರೆ ಅನುಮಾನದ ಪ್ರಶ್ನೆ ಬಂದಾಗ ಬೆರಳು ಯಾವಾಗಲೂ ಮನೆಯಲ್ಲಿ ಪಾತ್ರೆ ತೊಳೆಯುವವರ ಕಡೆಗೇ ತಿರುಗುವುದು ನಮ್ಮ ಸಮಾಜದ ರೋಗ. ಆ ರೋಗಕ್ಕೆ ಠಾಣೆಯ ಬೆಂಚು ಮುದ್ರೆ ಒತ್ತಬಾರದು.

ಇನ್ನು ಕಾಯುವಿಕೆಯ ವಿಷಯ. ಪ್ರಕರಣ ದಾಖಲಾದ ಮೇಲೆ ಏಳು ತಿಂಗಳ ಕಾಲ ನಮಗೆ ಯಾವ ಸುದ್ದಿಯೂ ಬರಲಿಲ್ಲ. ನಾನಾಗಿ ಹೋಗಿ ಕೇಳಿದಾಗಲೆಲ್ಲ ಪ್ರಯತ್ನ ನಡೆದಿದೆ ಮೇಡಂ ಎಂಬ ಉತ್ತರ ಬರುತ್ತಿತ್ತು. ನಡುವೆ ತನಿಖಾಧಿಕಾರಿ ವರ್ಗವಾದರು, ಹೊಸಬರಿಗೆ ನಾನು ಮೊದಲಿನಿಂದ ಹೇಳಬೇಕಾಯಿತು. ಕಡತ ಪತ್ತೆಯಾಗದ ಪ್ರಕರಣವೆಂದು ‘ಸಿ’ ವರದಿಗೆ ಹೋಗಿದೆಯೇ ಎಂಬುದನ್ನು ಕೂಡ ಯಾರೂ ಸ್ಪಷ್ಟವಾಗಿ ಹೇಳಲಿಲ್ಲ. ಅದೇ ಸಂಹಿತೆಯ ಕಲಂ 193(3) ತನಿಖೆಯ ಪ್ರಗತಿಯನ್ನು 90 ದಿನಗಳೊಳಗೆ ದೂರುದಾರರಿಗೆ ಅಥವಾ ಸಂತ್ರಸ್ತರಿಗೆ ತಿಳಿಸಬೇಕು, ವಿದ್ಯುನ್ಮಾನ ಸಂದೇಶದ ಮೂಲಕವಾದರೂ ತಿಳಿಸಬಹುದು ಎನ್ನುತ್ತದೆ. ಇದು ಪೊಲೀಸರು ದಯೆಯಿಂದ ಮಾಡುವ ಉಪಕಾರವಲ್ಲ, ಅವರ ಮೇಲೆ ಹೊರಿಸಿದ ಹೊಣೆ. ಕಳ್ಳ ಸಿಗಲಿಲ್ಲ ಎಂದಾದರೆ ಸಿಗಲಿಲ್ಲ ಎಂದೇ ತಿಳಿಸಲಿ. ಹೀಗೆ ಹೀಗೆ ಬೆರಳಚ್ಚು ಹೋಲಿಸಿದ್ದೇವೆ, ಹೊಂದಲಿಲ್ಲ, ಈ ಈ ಕಡೆ ಗಿರವಿ ಅಂಗಡಿಗಳಲ್ಲಿ ವಿಚಾರಿಸಿದ್ದೇವೆ ಎಂಬ ನಾಲ್ಕು ಸಾಲು ಮೊಬೈಲಿಗೆ ಬಂದಿದ್ದರೆ, ರಾತ್ರಿ ಎದ್ದು ಚಿಲಕ ಮುಟ್ಟುತ್ತಿದ್ದ ಮುದುಕಿಗೆ ನಾನು ಅದನ್ನು ಓದಿ ಹೇಳುತ್ತಿದ್ದೆ.

ಏಳನೆಯ ತಿಂಗಳಲ್ಲಿ, 160 ಕಿಲೋಮೀಟರ್ ದೂರದ ಬೇರೊಂದು ಠಾಣೆಯಿಂದ ಕರೆ ಬಂತು. ಹಲವು ಮನೆಗಳವಿನ ಆರೋಪಿಗಳು ಸಿಕ್ಕಿದ್ದಾರೆ, ಅವರ ಹೇಳಿಕೆಯಲ್ಲಿ ನಿಮ್ಮ ಊರೂ ಇದೆ, ಒಡವೆ ಗುರುತಿಸಲು ಬನ್ನಿ ಎಂದರು. ವೃದ್ಧ ಮಹಿಳೆಯೊಬ್ಬರನ್ನು ಅಷ್ಟು ದೂರ ಕರೆಸುವುದು ಸರಿಯೇ ಎಂದು ಕೇಳಬೇಕೆಂದು ನನಗೆ ತೋಚಲಿಲ್ಲ. ಸರ ಸಿಕ್ಕಿದೆ ಎಂಬ ಸಂತೋಷದಲ್ಲಿ ತಾಯಿಯವರೇ ಹೊರಟು ನಿಂತಿದ್ದರು. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಹರಡಿದ್ದ ಐದಾರು ಸರಗಳ ನಡುವೆ ತಮ್ಮದನ್ನು ಅವರು ಬೆರಳಿನಿಂದಲೇ ಕಂಡುಕೊಂಡರು. ಹಿಂಬದಿಯ ಕೊಂಡಿ ಸವೆದಾಗ ಅಕ್ಕಸಾಲಿಗರು ಹಾಕಿಕೊಟ್ಟಿದ್ದ ಬಳೆಯಾಕಾರದ ತುಂಡು ತಂತಿ ಅಲ್ಲೇ ಇತ್ತು. ಆ ಅಧಿಕಾರಿ ಎದ್ದು ನಿಂತು, ಅಮ್ಮ, ನಿಮ್ಮದು ನಿಮಗೆ ಬಂದೇ ಬರುತ್ತದೆ ಎಂದರು. ಬಳೆಗಳು ಮಾತ್ರ ಉಳಿದಿರಲಿಲ್ಲ. ಬೇರೆ ಮನೆಗಳ ಒಡವೆಯೊಂದಿಗೆ ಅವನ್ನೂ ಕರಗಿಸಿ ಗಟ್ಟಿ ಮಾಡಲಾಗಿತ್ತು. ಯಾರ ಮನೆಯ ಬಂಗಾರ ಅದರಲ್ಲಿ ಎಷ್ಟು ಎಂಬುದಕ್ಕೆ ನಮ್ಮ ನಮ್ಮ ದೂರಿನಲ್ಲಿ ಬರೆಸಿದ್ದ ತೂಕವಲ್ಲದೆ ಬೇರೆ ಆಧಾರವಿರಲಿಲ್ಲ. ದೀಪಗಳೂ ನಗದೂ ಹೋದವು. ಕೈಗಡಿಯಾರ ಆರೋಪಿಯೊಬ್ಬನ ಬಾಡಿಗೆ ಕೋಣೆಯಲ್ಲಿ ಸಿಕ್ಕಿತು.

ಅಲ್ಲಿಂದ ನಾಲ್ಕು ತಿಂಗಳು. ಒಡವೆ, ವಶಪಡಿಸಿಕೊಂಡ ಸ್ವತ್ತಿಗೆ ಪೊಲೀಸರು ಕೊಡುವ ಪಿ.ಎಫ್. ಸಂಖ್ಯೆಯೊಂದಿಗೆ, ಮುದ್ದೆಮಾಲಾಗಿ, ಅಂದರೆ ಪ್ರಕರಣದ ಸ್ವತ್ತಾಗಿ, ಕೂತಿದೆ. ಖರೀದಿ ರಸೀತಿ ತನ್ನಿ ಎಂದರು. 1971ರಲ್ಲಿ ಹಳ್ಳಿಯ ಅಕ್ಕಸಾಲಿಗರ ಕೈಯಲ್ಲಿ ಮಾಡಿಸಿದ ಸರಕ್ಕೆ ರಸೀತಿ ಎಲ್ಲಿಂದ ತರಲಿ? ತಾಯಿಯವರ ಮದುವೆಯ ಕಪ್ಪು ಬಿಳುಪು ಫೋಟೋವನ್ನೂ ನನ್ನ ತಂಗಿಯ ಮದುವೆಯ ಆಲ್ಬಮನ್ನೂ ಒಯ್ದು ಕೊಟ್ಟೆ. ವಕೀಲರ ಮೂಲಕ ಅರ್ಜಿ ಹಾಕಿದ ಮೇಲೆ ಪೊಲೀಸರ ವರದಿ ಬರಲಿಲ್ಲ ಎಂಬ ಕಾರಣಕ್ಕೆ ಎರಡು ಸಲ ದಿನಾಂಕ ಮುಂದೆ ಹೋಗಿದೆ. ನಾಗರಿಕ ಸುರಕ್ಷಾ ಸಂಹಿತೆಯ ಕಲಂ 497ರಂತೆ, ಸ್ವತ್ತು ನ್ಯಾಯಾಲಯದ ಮುಂದೆ ಬಂದ 14 ದಿನಗಳೊಳಗೆ ಅದರ ವಿವರಪಟ್ಟಿ ಸಿದ್ಧವಾಗಬೇಕು, ಫೋಟೋ ಅಥವಾ ವಿಡಿಯೋ ತೆಗೆದಿಡಬೇಕು, ಅನಂತರದ 30 ದಿನಗಳೊಳಗೆ ಅದನ್ನು ಯಾರಿಗೆ ಕೊಡಬೇಕು ಎಂಬ ಆದೇಶವಾಗಬೇಕು. ಆ ಫೋಟೋವನ್ನೇ ವಿಚಾರಣೆಯಲ್ಲಿ ಸಾಕ್ಷ್ಯವಾಗಿ ಬಳಸಬಹುದು ಎಂದೂ ಅದೇ ಕಲಂ ಹೇಳಿದೆ. ಇದಕ್ಕೂ ಬಹಳ ಮೊದಲು, 2002ರಲ್ಲಿ, ಸುಂದರ್‌ಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಬೆಲೆಬಾಳುವ ವಸ್ತುಗಳನ್ನು ವರ್ಷಗಟ್ಟಲೆ ಠಾಣೆಯಲ್ಲಿ ಇಟ್ಟುಕೊಳ್ಳುವುದರಲ್ಲಿ ಅರ್ಥವಿಲ್ಲ, ಪಂಚನಾಮೆ ಬರೆದು, ಫೋಟೋ ತೆಗೆದು, ಮುಚ್ಚಳಿಕೆ ಮತ್ತು ಭದ್ರತೆ ಪಡೆದು ಒಡೆಯರಿಗೆ ಬಿಟ್ಟುಕೊಡಬೇಕು, ಹೆಚ್ಚೆಂದರೆ ಹದಿನೈದು ದಿನದಿಂದ ಒಂದು ತಿಂಗಳು ಇಟ್ಟುಕೊಳ್ಳಬಹುದು ಎಂದು ಹೇಳಿತ್ತು.

ಆ ತೀರ್ಪಿನ ಬೇರು ನಮ್ಮ ನಾಡಿನಲ್ಲಿಯೇ ಇದೆ ಎಂಬುದನ್ನು ತಿಳಿದಾಗ ನಾನು ಬಹಳ ಹೊತ್ತು ಯೋಚಿಸಿದೆ. ನಮ್ಮ ರಾಜ್ಯಕ್ಕೆ ಇನ್ನೂ ಮೈಸೂರು ಎಂಬ ಹೆಸರಿದ್ದ ದಿನಗಳ ಮೊಕದ್ದಮೆ ಅದು. ಬಸವ್ವ ಎಂಬ ಹೆಣ್ಣುಮಗಳ ಮನೆಯಲ್ಲಿ ಕಳವಾದ ಒಡವೆಗಳನ್ನು ಪೊಲೀಸರು ಪತ್ತೆ ಹಚ್ಚಿ ವಶಪಡಿಸಿಕೊಂಡರು. ಆದರೆ ಪೆಟ್ಟಿಗೆಯಲ್ಲಿ ಠಾಣೆಯ ಕಾವಲಿನಲ್ಲಿ ಇಟ್ಟಿದ್ದ ಆ ಒಡವೆಗಳು ಅಲ್ಲಿಂದಲೇ ಕಾಣೆಯಾದವು. ಆಕೆ ಕೆಳಗಿನಿಂದ ಮೇಲಿನವರೆಗೆ ನ್ಯಾಯಾಲಯಗಳನ್ನು ಹತ್ತಿದರು. 1977ರಲ್ಲಿ ಸುಪ್ರೀಂ ಕೋರ್ಟು, ಸ್ವತ್ತು ಸರ್ಕಾರದ ವಶದಲ್ಲಿದ್ದಾಗ ಹೋದರೆ ಅದರ ಬೆಲೆಯನ್ನು ಸರ್ಕಾರವೇ ತುಂಬಿಕೊಡಬೇಕು ಎಂದು ಹೇಳಿ, 10,000 ರೂಪಾಯಿ ಕೊಡಲು ಆದೇಶಿಸಿತು. ದೇಶದ ಯಾವ ಮೂಲೆಯಲ್ಲಿ ಮುದ್ದೆಮಾಲಿನ ಬಿಡುಗಡೆಯ ಅರ್ಜಿ ಬಂದರೂ ಈ ಪ್ರಕರಣದ ಮಾತು ಬರುತ್ತದೆ. ಇಡೀ ದೇಶಕ್ಕೆ ದಾರಿ ತೋರಿದ ಹೆಣ್ಣುಮಗಳು ನಮ್ಮವಳಾಗಿರುವಾಗ, ನಮ್ಮದೇ ಠಾಣೆಗಳಲ್ಲಿ ಆಕೆಯ ಹೆಸರು ಯಾರಿಗೂ ಗೊತ್ತಿಲ್ಲದಿರುವುದು ನನಗೆ ನೋವು ತರುತ್ತದೆ.

ತಮ್ಮಲ್ಲಿ ನಾನು ಹೊಸ ಕಾನೂನನ್ನು ಬೇಡುತ್ತಿಲ್ಲ, ಹೊಸ ಆ್ಯಪನ್ನೂ ಬೇಡುತ್ತಿಲ್ಲ. ಪ್ರಥಮ ವರ್ತಮಾನ ವರದಿಯ ಪ್ರತಿಯನ್ನು ದೂರುದಾರರಿಗೆ ಉಚಿತವಾಗಿ ಕೊಡುವುದು ಅದೇ ಸುರಕ್ಷಾ ಸಂಹಿತೆಯ ಕಲಂ 173ರಂತೆ ಹೇಗೂ ಕಡ್ಡಾಯ. ಆ ಪ್ರತಿಯ ಜೊತೆಯಲ್ಲಿಯೇ, ಕನ್ನಡದಲ್ಲಿ ಅಚ್ಚಾದ ಒಂದೇ ಒಂದು ಹಾಳೆಯನ್ನು ಕೊಡುವಂತೆ ಎಲ್ಲ ಠಾಣೆಗಳಿಗೂ ಸುತ್ತೋಲೆ ಹೊರಡಿಸಿ. 90ನೆಯ ದಿನ ಯಾವ ತಾರೀಖಿಗೆ ಬೀಳುತ್ತದೆ ಎಂದು ಅದರಲ್ಲಿ ಕೈಯಿಂದ ಬರೆದಿರಲಿ. ಸ್ವತ್ತು ಸಿಕ್ಕರೆ ಅದನ್ನು ಮರಳಿ ಪಡೆಯುವ ಕ್ರಮ ಏನು, ರಸೀತಿಯಿಲ್ಲದ ಹಳೆಯ ಒಡವೆಗೆ ಫೋಟೋ, ಸಾಕ್ಷಿಗಳ ಹೇಳಿಕೆ ಮುಂತಾದ ಯಾವ ಆಧಾರ ತರಬಹುದು ಎಂಬುದಿರಲಿ. ಮನೆಯವರನ್ನಾಗಲಿ ಮನೆಗೆಲಸದವರನ್ನಾಗಲಿ ಕರೆಸುವಾಗ ಕಲಂ 179 ಏನು ಹೇಳುತ್ತದೆ ಎಂಬುದು ದಪ್ಪಕ್ಷರದಲ್ಲಿರಲಿ. ಬಿಡುಗಡೆಯ ಅರ್ಜಿಗೆ ಪೊಲೀಸರು ಸಲ್ಲಿಸಬೇಕಾದ ವರದಿ ಮುಂದಿನ ದಿನಾಂಕದೊಳಗೆ ನ್ಯಾಯಾಲಯಕ್ಕೆ ಹೋಗಿದೆಯೇ ಎಂಬುದನ್ನು ಪ್ರತಿ ತಿಂಗಳ ಅಪರಾಧ ಪರಿಶೀಲನಾ ಸಭೆಯಲ್ಲಿ ಜಿಲ್ಲಾ ವರಿಷ್ಠಾಧಿಕಾರಿಗಳು ಕೇಳಲಿ. ಎಷ್ಟು ಪ್ರಕರಣ ಪತ್ತೆಯಾಯಿತು ಎಂದು ಕೇಳುವ ಸಭೆಯಲ್ಲಿ ಎಷ್ಟು ಒಡವೆ ಮನೆ ಸೇರಿತು ಎಂದೂ ಕೇಳಬಹುದಲ್ಲವೇ? ವಶಪಡಿಸಿಕೊಂಡ ಬಂಗಾರವನ್ನು ಮೇಜಿನ ಮೇಲೆ ಜೋಡಿಸಿ ಪತ್ರಿಕೆಯವರಿಗೆ ತೋರಿಸಿದ ಚಿತ್ರಗಳನ್ನು ನಾವು ಆಗಾಗ ನೋಡುತ್ತೇವೆ. ಆ ಮೇಜಿನಿಂದ ಮನೆಯವರೆಗಿನ ದಾರಿ ಎಷ್ಟು ಉದ್ದ ಎಂಬುದು ಚಿತ್ರದಲ್ಲಿ ಕಾಣುವುದಿಲ್ಲ.

ಗಿರವಿ ಅಂಗಡಿಗಳ ಬಗ್ಗೆಯೂ ಒಂದು ಮಾತು. 1961ರ ಕರ್ನಾಟಕ ಗಿರವಿದಾರರ ಕಾಯ್ದೆ ಪರವಾನಗಿಯನ್ನೂ ಲೆಕ್ಕಪುಸ್ತಕವನ್ನೂ ಕಡ್ಡಾಯ ಮಾಡಿದೆ, ಕದ್ದ ಮಾಲೆಂದು ತಿಳಿದೂ ಕೊಳ್ಳುವುದನ್ನು ನ್ಯಾಯ ಸಂಹಿತೆಯ ಕಲಂ 317 ಅಪರಾಧವೆನ್ನುತ್ತದೆ. ತಾಯಿಯವರ ಸರ ಕರಗದೆ ಉಳಿದದ್ದು ಗಿರವಿ ಅಂಗಡಿಯೊಂದರ ಪುಸ್ತಕದಲ್ಲಿ ಅದು ಸರಿಯಾಗಿ ದಾಖಲಾಗಿದ್ದರಿಂದ ಎಂಬುದನ್ನು ಇಲ್ಲಿ ನೆನೆಯಬೇಕು.

ಇದನ್ನು ಓದುವ ನೆರೆಹೊರೆಯವರಿಗೆ ನನ್ನ ವಿನಂತಿಯಿಷ್ಟೆ: ಇಂದೇ ನಿಮ್ಮ ಒಡವೆಗಳನ್ನು ತೂಕ ಮಾಡಿಸಿ, ಒಂದೊಂದನ್ನೂ ಹಿಂದೆ ಮುಂದೆ ತಿರುಗಿಸಿ, ಕೊಂಡಿ, ಬೆಸುಗೆ, ಸವೆತ ಕಾಣುವಂತೆ ಫೋಟೋ ತೆಗೆದು ಮನೆಯ ಹೊರಗಿರುವ ಒಬ್ಬರಿಗೆ ಕಳಿಸಿಡಿ. 2023ರ ಏಪ್ರಿಲ್ ನಂತರ ಹಾಲ್‌ಮಾರ್ಕ್ ಇರುವ ಅಂಗಡಿಯಲ್ಲಿ ಕೊಂಡದ್ದಾದರೆ ಅದರ ಮೇಲಿನ ಆರು ಅಕ್ಷರಾಂಕಗಳ ಗುರುತು ಸಂಖ್ಯೆಯಾದ ಎಚ್‌ಯುಐಡಿಯನ್ನು ಬರೆದಿಟ್ಟುಕೊಳ್ಳಿ. ಕಳವಾದರೆ ಚೆಕ್‌ಬುಕ್ ತಡೆಹಿಡಿಯಲು ಬ್ಯಾಂಕಿಗೆ ಮೊದಲು ತಿಳಿಸಿ. ಕ್ರಯಪತ್ರ ಹೋಯಿತೆಂದು ಎದೆಗುಂದಬೇಡಿ, ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ದೃಢೀಕೃತ ನಕಲು ಸಿಗುತ್ತದೆ, ನಮಗೂ ಸಿಕ್ಕಿದೆ. ಯಾರ ಮೇಲೆ ಅನುಮಾನ ಎಂದು ಕೇಳಿದಾಗ, ಅನುಮಾನ ಇಲ್ಲದಿದ್ದರೆ, ಇಲ್ಲ ಎಂಬ ಮಾತನ್ನು ಬರೆಸಿ, ಓದಿಸಿ ಕೇಳಿ, ಅನಂತರ ಸಹಿ ಮಾಡಿ. ನಾನು ಓದದೆ ಸಹಿ ಮಾಡಿದೆ.

ಸರದ ಅರ್ಜಿ ಮುಂದಿನ ತಿಂಗಳು ಮತ್ತೆ ವಿಚಾರಣೆಗೆ ಬರುತ್ತದೆ. ಅದು ತಡವಾದರೂ ಬರುತ್ತದೆಂಬ ನಂಬಿಕೆ ನನಗಿದೆ. ತಾಯಿಯವರು ಈಗ ಸರದ ಬಗ್ಗೆ ಕೇಳುವುದು ಕಡಿಮೆ. ಆ ಹೆಣ್ಣುಮಗಳು ಬಂದಳೇ ಎಂದು ಮಾತ್ರ ದಿನವೂ ಕೇಳುತ್ತಾರೆ. ನಾನು ಎರಡು ಸಲ ಅವರ ಮನೆಗೆ ಹೋಗಿ ಕ್ಷಮೆ ಕೇಳಿದ್ದೇನೆ. ಅವರು ಕಾಫಿ ಕೊಟ್ಟು, ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ ಟೀಚರ್, ಆದರೆ ಊರಿಗೆ ಯಾರು ಹೇಳುತ್ತಾರೆ ಎಂದು ಕೇಳಿದರು. ಆ ಪ್ರಶ್ನೆಗೆ ಉತ್ತರ ನನ್ನ ಬಳಿ ಇಲ್ಲ, ತಮ್ಮ ಬಳಿ ಇದೆ. ಯಾರನ್ನಾದರೂ ಕರೆಸಿ ವಿಚಾರಿಸಿ, ನಿಜವಾದ ಆರೋಪಿ ಬೇರೆಯೇ ಎಂದು ತಿಳಿದಾಗ, ಈ ಪ್ರಕರಣದಲ್ಲಿ ಇವರ ಮೇಲೆ ಯಾವ ಅನುಮಾನವೂ ಇಲ್ಲ ಎಂದು ಠಾಣೆಯ ಮೊಹರಿನೊಂದಿಗೆ ಬರೆದುಕೊಡುವ ಪದ್ಧತಿಯನ್ನು ತಾವು ಜಾರಿಗೆ ತರಬಹುದು. ಅಂಥ ಮೊದಲ ಪತ್ರ ಆ ಹೆಣ್ಣುಮಗಳ ಹೆಸರಿನಲ್ಲಿ ಬರಲಿ. ಅದನ್ನು ಠಾಣೆಯಿಂದ ಪಡೆದು, ಹಗಲಿನಲ್ಲಿ, ಬಸ್ ನಿಲ್ದಾಣದ ಎದುರಿನ ರಸ್ತೆಯಲ್ಲಿಯೇ ನಡೆದು ಹೋಗಿ ಅವರ ಕೈಗೆ ಕೊಡಲು ನಾನು ಸಿದ್ಧಳಿದ್ದೇನೆ.

ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಶಿಕ್ಷಕಿ